ಪಾಳುಬಿದ್ದ ಸಬ್‌ಜೈಲಿನ ಫೋಟೊ: ಒಳಗೆ ಕೂತವನಿಗೆ ಏನು ಕಾಣುತ್ತಿತ್ತು?

ಬಾಗಲಕೋಟೆ ಜಿಲ್ಲೆಯ ಓದುಗರೊಬ್ಬರ ಪ್ರಶ್ನೆ ಇದು. ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಊರಿನ ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರವನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

"ಸರ್, ನಮ್ಮೂರ ಹಳೇ ಮಾಮಲೇದಾರ ಕಚೇರಿ ಹಿಂದೆ ಬ್ರಿಟಿಷರ ಕಾಲದ ಸಬ್‌ಜೈಲು ಇದೆ. ಕಲ್ಲಿನ ಗೋಡೆ, ಒಂದೇ ಸಾಲಿನಲ್ಲಿ ನಾಲ್ಕು ಕೋಣೆ, ಮುಂದೆ ಸಣ್ಣ ಅಂಗಳ. ಕೈದಿಗಳನ್ನು ಬೇರೆ ಕಡೆ ಸಾಗಿಸಿ ಬಹಳ ವರ್ಷವಾಯಿತು. ಈಗ ಒಳಗೆಲ್ಲ ಜಾಲಿ ಬೆಳೆದಿದೆ, ಹಿಂದಿನ ಗೋಡೆ ಒಂದು ಕಡೆ ಬಿದ್ದಿದೆ, ಹುಡುಗರು ಅಲ್ಲಿಂದಲೇ ಓಡಾಡುತ್ತಾರೆ. ಇದನ್ನು ಕಪ್ಪು-ಬಿಳುಪಿನಲ್ಲಿ ಒಂದು ಕಲಾ ಸರಣಿಯಾಗಿ ತೆಗೆದು ಪ್ರದರ್ಶನ ಮಾಡಬೇಕು ಅಂತ ಆಸೆ. ಪಾಳುಬಿದ್ದ ಜಾಗಕ್ಕೆ ಯಾರ ಪರ್ಮಿಷನ್ನೂ ಬೇಡ ಅಂತ ಒಬ್ಬರು ಹೇಳುತ್ತಾರೆ. ಕೇಳಿದರೆ ಕೊಡೋದೇ ಇಲ್ಲ, ಸುಮ್ನೆ ಹೋಗಿ ತೆಗೆದು ಬಾ ಅಂತ ಇನ್ನೊಬ್ಬರು. ನನ್ನ ಹತ್ತಿರ ಇರುವುದು ಹಳೆಯ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 18-55 ಎಂಎಂ ಲೆನ್ಸ್. ಅಲ್ಟ್ರಾವೈಡ್ (ತುಂಬಾ ಅಗಲ ಹಿಡಿಯುವ ಲೆನ್ಸ್) ಇಲ್ಲದೆ ಅಷ್ಟು ಸಣ್ಣ ಕೋಣೆ ತೆಗೆಯೋಕಾಗಲ್ಲ ಅಂತ ಅಂಗಡಿಯವರು ಹೇಳಿದರು. ಹೊರಗಿನಿಂದ ಮೊಬೈಲಲ್ಲಿ ಕೆಲವು ತೆಗೆದಿದ್ದೇನೆ. ಚೆನ್ನಾಗಿವೆ, ಆದರೆ ಯಾವುದೋ ಪಾಳುಮನೆ ಹಾಗಿವೆ, ಜೈಲು ಅನ್ನಿಸೋದೇ ಇಲ್ಲ. ಅವ್ವ ಅಂತೂ ಅದು ನೇಣು ಹಾಕಿದ ಜಾಗ, ಹೋಗಬೇಡ ಅಂತಾಳೆ. ಏನು ಮಾಡಲಿ?"

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು "ಜೈಲು ಅನ್ನಿಸೋದೇ ಇಲ್ಲ" ಅನ್ನುವ ಮಾತು. ಪರ್ಮಿಷನ್ನು, ಲೆನ್ಸು, ಅವ್ವನ ಹೆದರಿಕೆ ಎಲ್ಲಕ್ಕೂ ದಾರಿ ಇದೆ. ಆದರೆ ಹಳೆಯ ವಾಡೆ, ಕಚೇರಿ, ಲಾಕಪ್ಪುಗಳ ಫೋಟೊ ತೆಗೆಯುವ ಕೆಲಸದಲ್ಲಿ ನಾನು ಪದೇ ಪದೇ ನೋಡಿರುವುದು ಇದನ್ನೇ. ಬಿರುಕುಬಿಟ್ಟ ಸುಣ್ಣ, ಕಿಟಕಿಯ ಬೆಳಕು, ತುಕ್ಕು ಹಿಡಿದ ಸರಳು ಇದ್ದರೆ ಯಾರು ತೆಗೆದರೂ ಫೋಟೊ ಚೆಂದ ಬರುತ್ತದೆ, ಅಲ್ಲಿಗೇ ತೃಪ್ತಿಯಾಗಿ ಮನೆಗೆ ಬರುತ್ತಾರೆ. ನಿಮಗೆ ತೃಪ್ತಿಯಾಗಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಪರ್ಮಿಷನ್ ವಿಷಯ ಮುಗಿಸೋಣ. ಪಾಳುಬಿದ್ದ ಸರ್ಕಾರಿ ಕಟ್ಟಡಕ್ಕೂ ಮಾಲೀಕರು ಇದ್ದೇ ಇರುತ್ತಾರೆ. ಕೈದಿಗಳು ಹೋದರೂ ಜಾಗ ಕಂದಾಯ ಇಲಾಖೆಯ ಹೆಸರಿನಲ್ಲಿ ಇರಬಹುದು, ಕಾರಾಗೃಹ ಇಲಾಖೆಯ ಹೆಸರಿನಲ್ಲಿ ಇರಬಹುದು, ಕಟ್ಟಡ ಮಾತ್ರ ಲೋಕೋಪಯೋಗಿಯವರ ಲೆಕ್ಕದಲ್ಲಿ ಇರಬಹುದು. ಬೀಗ ಇದೆ ಅಂದರೆ ಒಳಗೆ ಬರಬೇಡಿ ಅಂತಲೇ ಅರ್ಥ, ಗೋಡೆ ಬಿದ್ದಿದ್ದರೂ ಅಷ್ಟೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತಿಕ್ರಮ ಪ್ರವೇಶಕ್ಕೆ 329ನೇ ಕಲಂ ಇದೆ. ಅಪರಾಧ ಮಾಡುವ ಅಥವಾ ಯಾರಿಗಾದರೂ ಕಿರುಕುಳ ಕೊಡುವ ಉದ್ದೇಶ ಇತ್ತು ಅಂತ ಸಾಬೀತಾಗಬೇಕು, ಹಾಗಾಗಿ ಫೋಟೊ ತೆಗೆದವರೆಲ್ಲ ಜೈಲಿಗೆ ಹೋಗುತ್ತಾರೆ ಅಂತ ಹೆದರಿಸುವುದಿಲ್ಲ. ಆದರೆ ಅದೇ ತಿಂಗಳು ಅಲ್ಲಿಂದ ಯಾರೋ ಸಾಗವಾನಿ ಬಾಗಿಲೋ ಕಬ್ಬಿಣದ ಸರಳೋ ಕದ್ದಿದ್ದರೆ ಮೊದಲು ಕರೆಸುವುದು ಒಳಗೆ ಕಂಡವರನ್ನು. ನಿಮಗೋ ಕಾಲೇಜಿನ ನೌಕರಿ ಇದೆ. ಜೊತೆಗೆ, ಕದ್ದು ತೆಗೆದ ಸರಣಿಯನ್ನು ಊರಲ್ಲಿ ನಿಮ್ಮ ಹೆಸರು ಹಾಕಿ ಪ್ರದರ್ಶನ ಮಾಡುವುದು ಹೇಗೆ? ತಹಶೀಲ್ದಾರರನ್ನೇ ಉದ್ಘಾಟನೆಗೆ ಕರೆಯಬೇಕಾದ ಪ್ರದರ್ಶನ ಅದು.

"ಕೇಳಿದರೆ ಕೊಡೋದೇ ಇಲ್ಲ" ಅನ್ನುವುದೂ ಪೂರ್ತಿ ನಿಜವಲ್ಲ. ಬಾಯಲ್ಲಿ ಕೇಳಿದರೆ ಸಿಗುವುದಿಲ್ಲ ಅನ್ನುವುದು ನಿಜ. ಸಿಟಿ ಸರ್ವೆ ಕಚೇರಿಯಲ್ಲಿ ಆ ಜಾಗದ ಉತಾರ ತೆಗೆಸಿ. ಯಾರ ಹೆಸರಿದೆಯೋ ಅವರಿಗೆ ಕನ್ನಡದಲ್ಲಿ ಒಂದೇ ಪುಟದ ಅರ್ಜಿ ಬರೆಯಿರಿ, ಪ್ರತಿಯೊಂದನ್ನು ಲೋಕೋಪಯೋಗಿ ಉಪವಿಭಾಗಕ್ಕೆ ಕೊಡಿ, ಎರಡೂ ಕಡೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಧಿಕಾರಿಗೆ ತಲೆನೋವು ಇರುವುದು ಎರಡೇ ವಿಷಯಕ್ಕೆ. ಒಳಗೆ ಯಾರಿಗಾದರೂ ಏನಾದರೂ ಆದರೆ ಯಾರು ಹೊಣೆ, ಮತ್ತೆ ಈ ಫೋಟೊ ನಾಳೆ ಪೇಪರಿನಲ್ಲಿ "ಸರ್ಕಾರದ ನಿರ್ಲಕ್ಷ್ಯ" ಅಂತ ಬಂದರೆ ಏನು ಗತಿ. ಈ ಎರಡಕ್ಕೂ ಅರ್ಜಿಯಲ್ಲೇ ಉತ್ತರ ಇರಲಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಜನ, ಟ್ರೈಪಾಡ್ ಒಂದೇ, ಡ್ರೋನ್ ಇಲ್ಲ, ಲೈಟು-ಗೀಟು ಇಲ್ಲ, ಏನನ್ನೂ ಮುಟ್ಟುವುದಿಲ್ಲ, ಸ್ವಂತ ಹೊಣೆಯ ಮುಚ್ಚಳಿಕೆ ಲಗತ್ತಿಸಿದೆ, ಮುಗಿದ ಮೇಲೆ ಒಂದು ಸೆಟ್ ಪ್ರಿಂಟ್ ಕಚೇರಿಗೆ ಕೊಡುತ್ತೇನೆ ಅಂತ ಬರೆಯಿರಿ. ಕೊನೆಯ ಮಾತನ್ನು ಬಿಡಬೇಡಿ. ಕೆಡವುವ ಪಟ್ಟಿಯಲ್ಲಿರುವ ಕಟ್ಟಡದ ಒಳ್ಳೆಯ ದಾಖಲೆ ತಮ್ಮ ಹತ್ತಿರ ಇರಲಿ ಅಂತ ಬಯಸುವ ಅಧಿಕಾರಿಗಳು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಕಾಲೇಜಿನ ಲೆಟರ್‌ಹೆಡ್ ಸಿಕ್ಕರೆ ಇನ್ನೂ ಒಳ್ಳೆಯದು.

ಅನುಮತಿ ಸಿಗದೇ ಹೋದರೆ? ರಸ್ತೆಯಿಂದ, ಕಚೇರಿಯ ಅಂಗಳದಿಂದ ಕಾಣುವಷ್ಟನ್ನೇ ತೆಗೆಯಬಹುದು. ಗೋಡೆ, ಗೋಡೆಯ ಹೊರಗೆ ನಡೆಯುವ ಸಂತೆ, ಅದಕ್ಕೆ ಆನಿಸಿ ನಿಲ್ಲಿಸಿದ ಸೈಕಲ್ಲು. ಅದರಲ್ಲೂ ಒಂದು ಸರಣಿ ಇದೆ, ಒಳಗೆ ಹೋಗದೇ ಇರುವುದೇ ಆ ಸರಣಿಯ ವಿಷಯ ಆಗುತ್ತದೆ. ಆದರೆ ಈ ಧೈರ್ಯವನ್ನು ಬೆಳಗಾವಿಯ ಹಿಂಡಲಗಾ ಜೈಲಿನ ಮುಂದೆಯೋ ವಿಜಯಪುರದ ದರ್ಗಾ ಜೈಲಿನ ಮುಂದೆಯೋ ತೋರಿಸಬೇಡಿ. ಅವು ಈಗಲೂ ನಡೆಯುತ್ತಿರುವ ಕೇಂದ್ರ ಕಾರಾಗೃಹಗಳು. ಅಲ್ಲಿ ಗೋಡೆ ಎದುರು ಟ್ರೈಪಾಡ್ ನಿಲ್ಲಿಸಿದರೆ ವಿಚಾರಣೆ ಆಗಿಯೇ ಆಗುತ್ತದೆ, ಆಗಲೂಬೇಕು. ಕೈ ಪಳಗಿಸಿಕೊಳ್ಳಬೇಕು ಅಂದರೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ ಬನ್ನಿ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದ ಹಳೆಯ ಸೆಂಟ್ರಲ್ ಜೈಲು ಅದು, 2008ರಲ್ಲಿ ಪಾರ್ಕ್ ಆಗಿ ತೆರೆಯಿತು. ಕಾವಲು ಗೋಪುರ, ಬ್ಯಾರಕ್ ಉಳಿಸಿಕೊಂಡಿದ್ದಾರೆ. ಅಲ್ಲಿ ಒಂದು ದಿನ ಕಳೆದರೆ ನಿಮ್ಮೂರ ನಾಲ್ಕು ಕೋಣೆಗಳನ್ನು ನೋಡುವ ಕಣ್ಣೇ ಬದಲಾಗುತ್ತದೆ.

ಒಳಗೆ ಹೋಗುವ ಮುಂಚೆ ಕಟ್ಟಡವನ್ನು ಹೊರಗಿನಿಂದ ಓದಿ. ನಮ್ಮ ಕಡೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲೆ ನಿಂತ ಗೋಡೆಯನ್ನೂ ಹಾಗೇ ಎಳೆದಾಡುತ್ತದೆ. ಬಾಗಿಲಿನ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಬಿರುಕು ಕಂಡರೆ ಆ ಬಾಗಿಲ ಕೆಳಗೆ ನಿಲ್ಲಬೇಡಿ. ಮಣ್ಣಿನ ಮಾಳಿಗೆ ಇದ್ದರೆ ತೊಲೆಯ ನಡುಭಾಗ ನೋಡಿ ಗಟ್ಟಿ ಇದೆ ಅಂದುಕೊಳ್ಳಬಾರದು, ತೊಲೆ ಕೊಳೆಯುವುದು ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ನೀರು ಇಳಿಯುವುದೂ ಅಲ್ಲೇ, ಗೆದ್ದಲು ಸೇರುವುದೂ ಅಲ್ಲೇ. ಮಳೆಗಾಲದಲ್ಲಿ, ಮಳೆ ನಿಂತ ಮೊದಲ ವಾರಗಳಲ್ಲಿ ಬೇಡವೇ ಬೇಡ. ಲೋಕೋಪಯೋಗಿಯ ಜೆಇ (ಕಿರಿಯ ಎಂಜಿನಿಯರ್) ಒಬ್ಬರನ್ನು ಒಮ್ಮೆ ಕರೆದುಕೊಂಡು ಹೋಗಿ ಯಾವ ಕೋಣೆ ಬೇಡ ಅಂತ ಕೇಳಿಕೊಳ್ಳಿ, ಅವರು ಬೇಡ ಅಂದ ಕೋಣೆಯನ್ನು ಬಾಗಿಲ ಹೊರಗಿನಿಂದಲೇ ತೆಗೆಯಿರಿ. ಹೆಜ್ಜೇನು ಕಟ್ಟಿದ್ದರೆ ಆ ದಿನ ವಾಪಸ್. ಬಾವಲಿ ಇದ್ದರೆ ಎನ್95 ಮಾಸ್ಕ್ ಕಡ್ಡಾಯ, ಅವುಗಳ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರ ಇರಬಹುದು. ಗಟ್ಟಿ ಶೂ, ಕೋಲು, ಟಾರ್ಚು, ಹೊರಗೆ ನಿಲ್ಲಲು ಒಬ್ಬರು. ಒಬ್ಬರೇ ಹೋಗಬೇಡಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಏನೂ ಮಾಡದೆ ನೇರ ತಾಲೂಕು ಆಸ್ಪತ್ರೆಗೆ, 108ಕ್ಕೆ ಫೋನ್.

ಅವ್ವನಿಗೆ ಒಂದು ಸಮಾಧಾನ ಹೇಳಬಹುದು. ತಾಲೂಕು ಸಬ್‌ಜೈಲುಗಳಲ್ಲಿ ಇರುತ್ತಿದ್ದವರು ವಿಚಾರಣೆಗೆ ಕಾಯುವವರು, ಸಣ್ಣ ಅವಧಿಯ ಶಿಕ್ಷೆಯವರು. ನೇಣುಗಂಬ ಅಲ್ಲಿ ಇರುತ್ತಿರಲಿಲ್ಲ, ಅದು ಹಿಂಡಲಗಾದಂಥ ದೊಡ್ಡ ಜೈಲಿನ ವಿಷಯ. ಆದರೆ ಅವ್ವನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಆ ಕೋಣೆಗಳಲ್ಲಿ ಜನ ನೋವು ಉಂಡಿದ್ದಾರೆ ಅನ್ನುವುದು ಅವರಿಗೆ ನೆನಪಿದೆ, ಚೆಂದದ ಬೆಳಕು ಹುಡುಕುವ ನಮಗೆ ಅದು ಮರೆತುಹೋಗುತ್ತದೆ. ಹೋಗುವ ಮುಂಚೆ ಅವರನ್ನೇ ಕೂರಿಸಿಕೊಂಡು ಕೇಳಿ. ಯಾರನ್ನು ಇಡುತ್ತಿದ್ದರು, ಊಟ ಎಲ್ಲಿಂದ ಬರುತ್ತಿತ್ತು, ಮನೆಯವರು ಎಲ್ಲಿ ನಿಂತು ಮಾತಾಡಿಸುತ್ತಿದ್ದರು. ಓಣಿಯಲ್ಲಿ ನಿವೃತ್ತ ಪೊಲೀಸರೋ ಜೈಲು ಕಾವಲಿನವರೋ ಇದ್ದರೆ ಅವರನ್ನೂ ಕೇಳಿ. ಈ ಉತ್ತರಗಳು ಕ್ಯಾಮೆರಾ ಎಲ್ಲಿ ಇಡಬೇಕು ಅಂತ ಹೇಳುತ್ತವೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಹಿಂದೆ ನಮ್ಮ ಕಡೆ ಸೆರೆ ಅಂದರೆ ಕೋಟೆಯ ಯಾವುದೋ ಕೋಣೆ. ಕಿತ್ತೂರು ಚೆನ್ನಮ್ಮನನ್ನು ಇಟ್ಟಿದ್ದು ಬೈಲಹೊಂಗಲದ ಕೋಟೆಯಲ್ಲಿ, 1829ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡರು. ಅದೇ 1829ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷರಿ ಶುರುವಾಯಿತು. ಅದನ್ನು ಕಟ್ಟುವಾಗಲೇ ಕೈದಿ ಏನು ನೋಡಬೇಕು, ಏನು ನೋಡಬಾರದು ಅಂತ ತೀರ್ಮಾನ ಮಾಡಿದ್ದರು. ನಡುವೆ ಒಂದು ಕೇಂದ್ರ, ಸುತ್ತ ಚಕ್ರದ ಅರಗಳಂತೆ ಕೋಣೆಸಾಲುಗಳು, ಕೋಣೆಗೆ ಬೆಳಕು ಬರುವುದು ಚಾವಣಿಯ ಕಿಂಡಿಯಿಂದ ಮಾತ್ರ. ಕೈದಿ ಒಂಟಿಯಾಗಿ ಕೂತು ಮೇಲೆ ನೋಡಿ ಪಶ್ಚಾತ್ತಾಪ ಪಡಲಿ ಅನ್ನುವ ಲೆಕ್ಕಾಚಾರ. 1971ರಲ್ಲಿ ಮುಚ್ಚಿತು, ಪಾಳುಬಿತ್ತು, 1994ರಿಂದ ಜನರಿಗೆ ತೆರೆದಿದೆ. ಪಾಳು ಜೈಲಿನ ಫೋಟೊ ಅಂತ ಹುಡುಕಿದರೆ ಸಿಗುವವುಗಳಲ್ಲಿ ಎಷ್ಟೋ ಅಲ್ಲಿನವೇ. ಅವುಗಳಲ್ಲಿ ಮನಸ್ಸಿನಲ್ಲಿ ಉಳಿಯುವವು ಸುಲಿದ ಬಣ್ಣದ ಚಿತ್ರಗಳಲ್ಲ, ಆ ಒಂದು ಕಿಂಡಿಯ ಬೆಳಕು ಮಂಚದ ಮೇಲೆ ಬಿದ್ದಿರುವ ಚಿತ್ರಗಳು. ಅಂಡಮಾನಿನ ಸೆಲ್ಯುಲರ್ ಜೈಲು ಇನ್ನೊಂದು. 1906ಕ್ಕೆ ಮುಗಿದ ಕಟ್ಟಡ, ಏಳು ಕೋಣೆಸಾಲುಗಳಲ್ಲಿ ಮೂರು ಉಳಿದಿವೆ. ಒಂದು ಸಾಲಿನ ಮುಖ ಮುಂದಿನ ಸಾಲಿನ ಬೆನ್ನಿಗೆ ಬರುವಂತೆ ಕಟ್ಟಿದ್ದಾರೆ, ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಲೇಬಾರದು. ಬಾಗಿಲಿನ ಅಗುಳಿ ಉದ್ದಕ್ಕೆ ಹೊರಗೆ ಗೋಡೆಯೊಳಗಿನ ಗೂಡಿನವರೆಗೆ ಹೋಗುತ್ತದೆ, ಬೀಗ ಬೀಳುವುದು ಆ ಗೂಡಿನಲ್ಲಿ. ಸರಳಿನ ಸಂದಿಯಿಂದ ಕೈ ಹೊರಗೆ ಚಾಚಿದರೂ ಬೀಗ ಸಿಗುವುದಿಲ್ಲ.

ನಿಮ್ಮ ನಾಲ್ಕು ಕೋಣೆಯ ಸಬ್‌ಜೈಲಿನಲ್ಲೂ ಇಂಥ ತೀರ್ಮಾನಗಳು ಇದ್ದೇ ಇರುತ್ತವೆ, ಹುಡುಕಬೇಕು. ಬೀಗ ಎಲ್ಲಿದೆ, ಕೈ ಎಷ್ಟು ದೂರ ಹೋಗುತ್ತದೆ? ದೀಪದ ಗೂಡು ಕೋಣೆಯ ಒಳಗಿದೆಯೋ ಹೊರಗಿದೆಯೋ? ಕಾವಲಿನವನು ನಿಲ್ಲುತ್ತಿದ್ದ ಕಲ್ಲು ಎಲ್ಲಿ ಸವೆದಿದೆ, ಅಲ್ಲಿಂದ ನಾಲ್ಕೂ ಬಾಗಿಲು ಕಾಣುತ್ತವೆಯೇ? ಹಳೆಯ ಲಾಕಪ್ಪೊಂದರಲ್ಲಿ ನಾನು ಬಹಳ ಹೊತ್ತು ನಿಂತು ನೋಡಿದ್ದು ಹಿಂದಿನ ಗೋಡೆಯನ್ನು. ಬುಡದಲ್ಲಿ ಡಾಂಬರು ಬಳಿದ ಪಟ್ಟಿ, ಅದರ ಮೇಲೆ ಸುಣ್ಣ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ಸುಣ್ಣದ ಮೇಲೆ ಸಾಲಾಗಿ ಕಂದು ಕಲೆಗಳು, ಒಂದೊಂದೂ ಅಂಗೈಯಷ್ಟು. ಗೋಡೆಗೆ ಒರಗಿ ಕೂತವರ ತಲೆಯ ಎಣ್ಣೆ ಅದು. ಮೇಲೆ ಹೊಸದಾಗಿ ಸುಣ್ಣ ಬಳಿದಿದ್ದರೂ ಒಳಗಿನಿಂದ ಎದ್ದು ಬಂದಿತ್ತು. ಅಲ್ಲಿ ಕೂತರೆ ಎದುರಿಗೆ ಬಾಗಿಲಿನ ಕೆಳಗಿನ ಅರ್ಧ ಮಾತ್ರ ಕಾಣುತ್ತದೆ, ಹೊರಗೆ ಓಡಾಡುವವರ ಕಾಲು ಮಾತ್ರ ಕಾಣುತ್ತದೆ. ನಿಂತು ತೆಗೆದ ಫೋಟೊದಲ್ಲಿ ಇದು ಬರುವುದೇ ಇಲ್ಲ.

ಆದ್ದರಿಂದ ಕ್ಯಾಮೆರಾವನ್ನು ಕೂತವನ ಕಣ್ಣಿನ ಎತ್ತರಕ್ಕೆ, ಅಂದರೆ ಎರಡೂವರೆ ಅಡಿಗೆ ಇಳಿಸಿ. ಈ ಸರಣಿಗೆ ನಾನು ಕೊಡುವ ಒಂದೇ ಒಂದು ಸಲಹೆ ಅಂದರೆ ಇದು, ಉಳಿದದ್ದನ್ನೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಲೆನ್ಸ್ ಬಗ್ಗೆ ಅಂಗಡಿಯವರು ಹೇಳಿದ್ದು ಮನೆ ಮಾರುವವರ ಫೋಟೊಗೆ ಸರಿ. ಅಲ್ಟ್ರಾವೈಡ್ ಹತ್ತಿರದ್ದನ್ನು ದೊಡ್ಡದು ಮಾಡಿ ದೂರದ ಗೋಡೆಯನ್ನು ಇನ್ನೂ ದೂರ ತಳ್ಳುತ್ತದೆ, ಎಂಟಡಿ ಕೋಣೆ ಹಾಲ್‌ನಂತೆ ಕಾಣುತ್ತದೆ. ಜೈಲಿನ ಕೋಣೆಯನ್ನು ವಿಶಾಲ ಮಾಡಿ ತೋರಿಸುವುದು ಅಲ್ಲಿದ್ದವರಿಗೆ ಮಾಡುವ ಅನ್ಯಾಯ. ನಿಮ್ಮ 18-55 ಲೆನ್ಸಿನ 18ರ ತುದಿ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 27 ಆಗುತ್ತದೆ, ಅದೇ ಸಾಕಷ್ಟು ವೈಡ್. ನಾನಾದರೆ ಹೆಚ್ಚಿನವನ್ನು ಇದೇ ಲೆನ್ಸಿನ ಮೇಲೆ ಬರೆದ 24ರಿಂದ 35ರ ನಡುವೆ ತೆಗೆಯುತ್ತೇನೆ. ಇಡೀ ಕೋಣೆ ಫ್ರೇಮಿನಲ್ಲಿ ಹಿಡಿಯುವುದಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ಬೆನ್ನು ಗೋಡೆಗೆ ತಾಗಿದರೂ ಇನ್ನೂ ಹಿಂದೆ ಹೋಗಬೇಕು ಅನ್ನಿಸುವ ಇಕ್ಕಟ್ಟು ನೋಡುವವರಿಗೂ ತಟ್ಟಲಿ. ಕ್ಯಾಮೆರಾ ಮಟ್ಟವಾಗಿರಲಿ, ಮೇಲಕ್ಕೋ ಕೆಳಕ್ಕೋ ಬಾಗಿಸಿದರೆ ಗೋಡೆಗಳು ಬೀಳುತ್ತಿರುವಂತೆ ಕಾಣುತ್ತವೆ.

ಬೆಳಕಿಗೆ ಕಾಯಬೇಕು. ಎರಡು ಅಡಿ ದಪ್ಪದ ಗೋಡೆಯಲ್ಲಿ ಕಿಂಡಿ ಸಣ್ಣದಿದ್ದರೆ ಓರೆ ಬಿಸಿಲೆಲ್ಲ ಗೋಡೆಯ ದಪ್ಪದಲ್ಲೇ ನಿಂತುಬಿಡುತ್ತದೆ, ಒಳಗೆ ನೇರ ಬಿಸಿಲು ಬೀಳುವುದು ದಿನದಲ್ಲಿ ಸ್ವಲ್ಪ ಹೊತ್ತು. ಯಾವಾಗ ಅನ್ನುವುದು ದಿಕ್ಕಿನ ಮೇಲಿದೆ. ಮೇ ಮೊದಲ ವಾರದ ಹೊತ್ತಿಗೆ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಕಿಂಡಿಯೊಳಗೆ ಇಳಿಯುವುದಿಲ್ಲ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ, ಮಧ್ಯಾಹ್ನವೂ 50 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ, ದಕ್ಷಿಣದ ಕಿಂಡಿ ಇದ್ದರೆ ಬಿಸಿಲು ಕೋಣೆಯೊಳಗೆ ಬರುತ್ತದೆ. ಮೊದಲ ದಿನ ಕ್ಯಾಮೆರಾ ತೆಗೆಯದೆ ಒಂದು ಕೋಣೆಯಲ್ಲಿ ಕೂತುಕೊಳ್ಳಿ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಆಮೇಲೆ ಕಾಣುವ ಕತ್ತಲೆಯೇ ನಿಮ್ಮ ಫೋಟೊದ ಕತ್ತಲೆ.

ಐಎಸ್‌ಒ 100, ಎಫ್ 8, ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್. ಲೆನ್ಸಿನ ಸ್ಟೆಬಿಲೈಸೇಷನ್ (ಕೈ ನಡುಕ ತಡೆಯುವ ವ್ಯವಸ್ಥೆ) ಬಂದ್ ಮಾಡಿ, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇರಲಿ. ಎಕ್ಸ್‌ಪೋಷರ್ ಕೆಲವು ಸೆಕೆಂಡಿನಿಂದ ಅರ್ಧ ನಿಮಿಷದವರೆಗೆ ಹೋಗಬಹುದು, ಹೋಗಲಿ. ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ಅಂತರದಲ್ಲಿ ಮೂರು ಫ್ರೇಮ್ ತೆಗೆದಿಟ್ಟುಕೊಳ್ಳಿ, ಬೇಕಾದಾಗ ಕೂಡಿಸಬಹುದು. ಆದರೆ ಎಚ್‌ಡಿಆರ್ (ಹಾಗೆ ಕೂಡಿಸಿ ಕತ್ತಲೆ-ಬೆಳಕು ಎರಡನ್ನೂ ಸಮ ಮಾಡುವುದು) ಮಾಡಿ ಮೂಲೆ ಮೂಲೆಯನ್ನೂ ಬೆಳಗಿಸುವುದು ಬೇಡ. ಒಳಗಿದ್ದವನಿಗೆ ಮೂಲೆ ಕಪ್ಪಗಿತ್ತು, ಕಿಂಡಿ ಬರೀ ಬಿಳಿ ಚೌಕವಾಗಿತ್ತು. ಹಾಗೇ ಇರಲಿ. ಕಪ್ಪು-ಬಿಳುಪು ಮಾಡುವಾಗಲೂ ಮೊದಲು ಬಣ್ಣದಲ್ಲೇ ನೋಡಿ. ಕೆಮ್ಮಣ್ಣು ಬಳಿದ ಪಟ್ಟಿ, ಹಸಿರು ಪಾಚಿ, ಕಂದು ಎಣ್ಣೆಕಲೆ ಮೂರೂ ಒಂದೇ ಬೂದಿ ಬಣ್ಣವಾಗಿ ಸೇರಿಹೋಗಬಹುದು. ರಾ ಫೈಲಿನಲ್ಲಿ ಕೆಂಪು-ಹಸಿರನ್ನು ಬೇರೆ ಬೇರೆ ಮಾಡಿ ಎತ್ತಿ ಇಳಿಸಿದರೆ ಬಿಡಿಸಿಕೊಳ್ಳುತ್ತವೆ. ಬಿಡಿಸಲಾಗದಿದ್ದರೆ ಆ ಚಿತ್ರ ಬಣ್ಣದಲ್ಲೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಗೋಡೆಯ ಮೇಲೆ ಹೆಸರು, ಊರು, ತಾರೀಕು ಗೀಚಿರುತ್ತಾರೆ. ಬ್ರಿಟಿಷರ ಕಾಲದ ಕಟ್ಟಡವಾದರೂ ಕೈದಿಗಳು ನಮ್ಮ ಕಾಲದವರು ಇರಬಹುದು, ಅವರ ಮಕ್ಕಳು ಅದೇ ಊರಲ್ಲಿ ಇರುತ್ತಾರೆ. ಯಾವುದೋ ಕೇಸಿನಲ್ಲಿ ಒಳಗೆ ಹೋಗಿ ನಿರಪರಾಧಿ ಅಂತ ಬಿಡುಗಡೆಯಾದವರ ಹೆಸರೂ ಅದರಲ್ಲಿರುತ್ತದೆ. ಓದಲು ಬರುವ ಹೆಸರು ಪ್ರದರ್ಶನಕ್ಕೆ ಬೇಡ. ಗೀಟು ಗೀಟು ಎಳೆದು ದಿನ ಎಣಿಸಿದ್ದು ಇದ್ದರೆ ಅದು ಸಾಕು. ಹಳೆಯ ರಜಿಸ್ಟರು, ಕಾಗದ ಸಿಕ್ಕರೆ ತೆಗೆದುಕೊಂಡು ಬರಬೇಡಿ, ಅನುಮತಿ ಕೊಟ್ಟ ಕಚೇರಿಗೆ ತಿಳಿಸಿ. ಸರಪಳಿ, ಕೈದಿ ಬಟ್ಟೆ, ಮಾಡೆಲ್ ಏನನ್ನೂ ತರಬೇಡಿ. ಅಲ್ಲಿ ಇಲ್ಲದ ಒಂದೇ ಒಂದು ವಸ್ತು ಸೇರಿಸಿದರೂ ಇರುವ ಎಲ್ಲದರ ಮೇಲೂ ನೋಡುವವರಿಗೆ ಅನುಮಾನ ಬರುತ್ತದೆ. ಜಾಗದ ಗುರುತನ್ನು ಮಾತ್ರ ಇಂಟರ್‌ನೆಟ್ಟಿನಲ್ಲಿ ಹಾಕಬೇಡಿ, ಕಬ್ಬಿಣ ಕದಿಯುವವರೂ ಅದನ್ನು ನೋಡುತ್ತಾರೆ.

ಮೊಬೈಲಲ್ಲಿ ತೆಗೆದದ್ದನ್ನು ಬಿಸಾಡಬೇಡಿ. 12 ಮೆಗಾಪಿಕ್ಸೆಲ್ ಚಿತ್ರ 300 ಡಿಪಿಐಗೆ 13 ಇಂಚು ಅಗಲಕ್ಕೆ ಪ್ರಿಂಟ್ ಆಗುತ್ತದೆ, ಎ3ಗೆ ಆ ಲೆಕ್ಕದಲ್ಲಿ ಸುಮಾರು 17 ಮೆಗಾಪಿಕ್ಸೆಲ್ ಬೇಕು. ಮೊಬೈಲಿನ ತೊಂದರೆ ಬೇರೆ. ರಾತ್ರಿ ಮೋಡು ಹತ್ತಾರು ಫ್ರೇಮು ಸೇರಿಸಿ ನೆರಳನ್ನು ತಾನೇ ಬೆಳಗಿಸಿ, ಸುಣ್ಣದ ಒರಟನ್ನೆಲ್ಲ ನಯ ಮಾಡಿಬಿಡುತ್ತದೆ. ಪ್ರೊ ಮೋಡಿನಲ್ಲಿ (ಎಕ್ಸ್‌ಪೋಷರನ್ನು ನಾವೇ ಹೊಂದಿಸುವ ಮೋಡು) ತೆಗೆದರೆ ಅಷ್ಟು ಆಗುವುದಿಲ್ಲ. ಪ್ರದರ್ಶನಕ್ಕೆ ಹನ್ನೆರಡು ಹದಿನೈದು ಚಿತ್ರ ಸಾಕು. ಹೊಳಪಿಲ್ಲದ ಕಾಟನ್ ಪೇಪರಿನಲ್ಲಿ ಪಿಗ್ಮೆಂಟ್ ಇಂಕಿನ ಪ್ರಿಂಟ್ ಹಾಕಿಸಿ, ಬಹುಕಾಲ ಬಾಳುತ್ತದೆ. ಮೊದಲ ಪ್ರದರ್ಶನ ಬೆಳಗಾವಿ ಬೆಂಗಳೂರಿಗಿಂತ ನಿಮ್ಮ ಊರಲ್ಲೇ ಆಗಲಿ, ಕಾಲೇಜಿನ ಒಂದು ಕೋಣೆಯಾದರೂ ಸರಿ. ಆ ಗೋಡೆಯ ಪಕ್ಕದಲ್ಲೇ ದಿನಾ ಓಡಾಡುವವರು ಏನು ಹೇಳುತ್ತಾರೆ ಅನ್ನುವುದು ನಿಮಗೆ ಬೇಕು.

ಅರ್ಜಿಯನ್ನು ದಸರೆಗೆ ಮುಂಚೆ ಕೊಟ್ಟುಬಿಡಿ. ಕಡತ ಟೇಬಲ್ಲಿಂದ ಟೇಬಲ್ಲಿಗೆ ಹೋಗಲು ಒಂದೆರಡು ತಿಂಗಳು ಹಿಡಿದರೂ ಡಿಸೆಂಬರ್ ನಿಮ್ಮ ಕೈಯಲ್ಲಿ ಇರುತ್ತದೆ, ಅಷ್ಟೊತ್ತಿಗೆ ಗೋಡೆ ಒಣಗಿರುತ್ತದೆ, ಕಚೇರಿಯವರಿಗೆ ಹೇಳಿ ಜಾಲಿ ಕಡಿಸಲೂ ಸಮಯ ಸಿಗುತ್ತದೆ. ಹೋಗುವಾಗ ದಿಕ್ಸೂಚಿ ಹಿಡಿದು ನಾಲ್ಕೂ ಕೋಣೆಯ ಕಿಂಡಿ ಯಾವ ಕಡೆಗಿವೆ ಅಂತ ಕೈಯಲ್ಲೇ ಒಂದು ನಕ್ಷೆ ಬರೆದುಕೊಳ್ಳಿ. ಅದನ್ನು ನನಗೆ ಕಳಿಸಿದರೆ ಯಾವ ಕೋಣೆಗೆ ಎಷ್ಟು ಹೊತ್ತಿಗೆ ಹೋಗಬೇಕು ಅಂತ ಬರೆದು ಕಳಿಸುತ್ತೇನೆ.